ಕೈಗೆ ಬಂದ ಜೇಬುಗಡಿಯಾರ ಕೈಕೊಟ್ಟಾಗ

ಹಳೆಯ ಜೇಬುಗಡಿಯಾರವನ್ನು ತೊಳೆಸಿ, ಎಣ್ಣೆ ಹಾಕಿಸಿ, ಹೊಸ ಸ್ಟೀಲ್ ಕೇಸಿನಲ್ಲಿ ಕೂರಿಸಿ, ಚರ್ಮದ ಪಟ್ಟಿ ಹಾಕಿ ಕೈಗೆ ಕಟ್ಟಿಕೊಂಡ ಮೊದಲ ದಿನ, ಯಾರಾದರೂ ಸಮಯ ಕೇಳಲಿ ಎಂದೇ ಓಡಾಡುತ್ತೇವೆ. ಮೂರನೆಯ ದಿನ ಅದು ನಿಂತಿರುತ್ತದೆ. ರಾತ್ರಿ ಬಿಚ್ಚಿ ಮೇಜಿನ ಮೇಲಿಟ್ಟರೆ ಮತ್ತೆ ಓಡುತ್ತದೆ. ರಿಪೇರಿಯವರ ಬಳಿ ಒಯ್ದರೆ ಅವರ ಮುಂದೆ ಒಂದು ತಪ್ಪೂ ಮಾಡದೆ ಓಡಿ, ನಮ್ಮನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ.

ಇಂಥ ಗಡಿಯಾರದ ದೋಷ ಹುಡುಕುವಾಗ ಒಂದು ವಿಷಯ ತಲೆಯಲ್ಲಿರಬೇಕು. ಅದು ಜೇಬಿನಲ್ಲಿ ಸರಪಳಿಗೆ ತೂಗಿಕೊಂಡು, ಕೀ ಕೊಡುವ ಗುಂಡಿ ಮೇಲಾಗಿ, ಬಟ್ಟೆಯ ಮೆತ್ತೆಯಲ್ಲಿ ಬದುಕಲೆಂದು ಹುಟ್ಟಿದ ಯಂತ್ರ. ಈಗ ಎಡಗೈಗೆ ಕಟ್ಟಿದ್ದೇವೆ. ಕೈ ಇಳಿಬಿಟ್ಟು ನಡೆಯುವಾಗ ಆ ಗುಂಡಿ ನೇರವಾಗಿ ನೆಲದ ಕಡೆಗಿರುತ್ತದೆ. ಅಮೆರಿಕದ ಒಳ್ಳೆಯ ರೈಲ್ವೆ ಗಡಿಯಾರಗಳ ಮೇಲೆ 'ಐದು ಭಂಗಿಗಳಿಗೆ ಹೊಂದಿಸಿದ್ದು' ಎಂದು ಕೆತ್ತಿರುತ್ತಾರೆ. ಡಯಲ್ ಮೇಲೆ, ಡಯಲ್ ಕೆಳಗೆ, ಗುಂಡಿ ಮೇಲೆ, ಗುಂಡಿ ಎಡಕ್ಕೆ, ಗುಂಡಿ ಬಲಕ್ಕೆ: ಇವೇ ಆ ಐದು. ಬಿಟ್ಟುಹೋದ ಆರನೆಯದು ಗುಂಡಿ ಕೆಳಗೆ. ಜೇಬಿನಲ್ಲಿ ಯಾರೂ ಗಡಿಯಾರವನ್ನು ತಲೆಕೆಳಗಾಗಿ ಇಡುತ್ತಿರಲಿಲ್ಲವಲ್ಲ! ನಾವೀಗ ಅದಕ್ಕೆ ಕೊಟ್ಟಿರುವುದು ಸರಿಯಾಗಿ ಆ ಭಂಗಿಯನ್ನೇ. ಆದ್ದರಿಂದ ಮೆಷಿನ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ, ಇದೇ ತೊಂದರೆ ಜೇಬಿನಲ್ಲೂ ಇತ್ತೇ ಎಂದು ಕೇಳಿಕೊಳ್ಳಿ.

ಒಳಗಿನ ಯಂತ್ರವನ್ನು ಅಂಗಡಿಯವರು ಕರೆಯುವಂತೆ ಮೆಷಿನ್ ಎಂದೇ ಕರೆಯುತ್ತೇನೆ. ಕೀ ಕೊಡುವ ಗುಂಡಿ ಕ್ರೌನ್. ಅದರಿಂದ ಒಳಕ್ಕೆ ಹೋಗುವ ಕಡ್ಡಿ ಸ್ಟೆಮ್.

ನಿಮ್ಮ ಕೈಯಲ್ಲಿರುವುದು ಯಾವುದು?

ಇದು ಗೊತ್ತಿಲ್ಲದೆ ಮುಂದಿನದನ್ನು ಓದಿ ಪ್ರಯೋಜನವಿಲ್ಲ. ಮುಚ್ಚಳವಿದ್ದ ಹಂಟರ್ ಬಗೆಯ ಮೆಷಿನ್ ಆದರೆ ಕ್ರೌನ್ 3ರ ಬಳಿ, ಸೆಕೆಂಡಿನ ಪುಟ್ಟ ಡಯಲ್ 6ರ ಬಳಿ ಇರುತ್ತದೆ. ಕೈಗೆ ಕಟ್ಟಲು ಹೇಳಿ ಮಾಡಿಸಿದಂತೆ. 1939ರಲ್ಲಿ ಪೋರ್ಚುಗಲ್‌ನ ವ್ಯಾಪಾರಿಗಳು ದೊಡ್ಡ, ನಿಖರವಾದ ಕೈಗಡಿಯಾರ ಬೇಕೆಂದಾಗ ಸ್ವಿಟ್ಜರ್‌ಲೆಂಡಿನ ಐಡಬ್ಲ್ಯೂಸಿ ಕಾರ್ಖಾನೆ ಆರಿಸಿಕೊಂಡದ್ದು ಇಂಥದೇ ಹಂಟರ್ ಮೆಷಿನನ್ನು. ಮುಚ್ಚಳವಿಲ್ಲದ ಓಪನ್ ಫೇಸ್ ಬಗೆಯಲ್ಲಿ ಕ್ರೌನ್ 12ರ ಬಳಿ ಇರುತ್ತದೆ. ಅದನ್ನು ತಿರುಗಿಸಿ ಕ್ರೌನನ್ನು 3ಕ್ಕೆ ತಂದರೆ ಸೆಕೆಂಡಿನ ಮುಳ್ಳು 9ರ ಕಡೆಗೆ ಹೋಗುತ್ತದೆ, ಹೊಸ ಡಯಲ್ ಬೇಕಾಗುತ್ತದೆ. ಸ್ವಿಟ್ಜರ್‌ಲೆಂಡಿನ ಯೂನಿಟಾಸ್ 6497 ಮೆಷಿನ್ ಮತ್ತು ರಷ್ಯದ ಚೆಲ್ಯಾಬಿನ್ಸ್ಕ್‌ನ ಮೊಲ್ನಿಯಾ 3602 ಈ ಗುಂಪಿನವು. ಯೂನಿಟಾಸ್ 6498 ಹಂಟರ್ ಗುಂಪಿನದು. ಇವು 36 ಮಿಲಿಮೀಟರ್ ಆಸುಪಾಸಿನವು, ಕೈಗೆ ಒಗ್ಗುತ್ತವೆ. ಅಮೆರಿಕದ 12 ಸೈಜ್ ಎಂದರೆ 39.8 ಮಿಲಿಮೀಟರ್, 16 ಸೈಜ್ ಎಂದರೆ 43.2 ಮಿಲಿಮೀಟರ್. 16 ಸೈಜಿನ ಮೆಷಿನ್ ಮೇಲೆ ಕೇಸ್ ಬಂದಾಗ ಮಣಿಕಟ್ಟಿನ ಮೇಲೆ ಗಡಿಯಾರವಲ್ಲ, ತಟ್ಟೆ ಇಟ್ಟಂತಾಗುತ್ತದೆ. ಇಷ್ಟಪಡುವವರು ಇದ್ದಾರೆ, ನಾನು ಜಗಳಕ್ಕೆ ಬರುವುದಿಲ್ಲ.

ಬೇರೆ ಕೀಲಿಕೈಯಿಂದ ಕೀ ಕೊಡುವಂಥದ್ದು, ಒಳಗೆ ಸಣ್ಣ ಸರಪಳಿ ಸುತ್ತಿಕೊಂಡಿರುವ ಇಂಗ್ಲಿಷ್ ಗಡಿಯಾರ, ಹಳೆಯ ಸಿಲಿಂಡರ್ ಬಗೆ: ಇವನ್ನು ಕೈಗಡಿಯಾರ ಮಾಡಲು ಹೋಗಲೇಬೇಡಿ. ಮಾಡಿಬಿಟ್ಟಿದ್ದರೆ ದೋಷ ಹುಡುಕುತ್ತಾ ಕೂರುವ ಬದಲು ಹಳೆಯ ಕೇಸಿಗೆ ಹಿಂದಿರುಗಿಸಿ.

ಬಿಚ್ಚುವ ಮುನ್ನ

ಡಯಲ್ ಅಥವಾ ಮುಳ್ಳುಗಳ ಮೇಲೆ ಕಂದು-ಹಳದಿ ಬಣ್ಣದ, ಪುಡಿಪುಡಿಯಾದ ಹೊಳಪುಬಣ್ಣವಿದ್ದರೆ ಅಲ್ಲೇ ನಿಲ್ಲಿ. 1910ರ ದಶಕದಿಂದ 1960ರ ದಶಕದವರೆಗೆ ಕತ್ತಲಲ್ಲಿ ಹೊಳೆಯಲು ರೇಡಿಯಂ ಬಳಿಯುತ್ತಿದ್ದರು. ಈಗ ಅದು ಹೊಳೆಯದಿರಬಹುದು. ಕೆಟ್ಟಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಕೆರೆಯಬೇಡಿ, ಉಜ್ಜಬೇಡಿ, ಊದಬೇಡಿ. ಆ ಪುಡಿ ಉಸಿರಿನಲ್ಲಿ ಒಳಹೋಗುವುದೇ ಅಪಾಯ. ಅಂಥ ಡಯಲ್ ಇರುವ ಗಡಿಯಾರವನ್ನು ಮನೆಯಲ್ಲಿ ತೆರೆಯುವ ಕೆಲಸವೇ ಬೇಡ.

ಕೀ ಕೊಟ್ಟಾಗ ಸುತ್ತಿಕೊಂಡು ಗಡಿಯಾರವನ್ನು ಓಡಿಸುವ ಮುಖ್ಯ ಸ್ಪ್ರಿಂಗಿನಲ್ಲಿ ಬಲ ಇರುವಾಗ ಯಾವ ತಿರುಪನ್ನೂ ಸಡಿಲಿಸಬಾರದು. ಹಿಂಬದಿ ಮುಚ್ಚಳ ತೆಗೆದು ನೋಡುವುದಷ್ಟೇ ಆದರೆ ಚಿಂತೆಯಿಲ್ಲ. ಅದಕ್ಕಿಂತ ಮುಂದೆ ಹೋಗುವುದಾದರೆ ಕ್ರೌನನ್ನು ಬೆರಳಲ್ಲಿ ಹಿಡಿದು, ಸ್ಪ್ರಿಂಗ್ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆಯನ್ನು ಮರದ ಕಡ್ಡಿಯಿಂದ ಸರಿಸಿ, ಕ್ರೌನ್ ಬೆರಳ ನಡುವೆ ನಿಧಾನವಾಗಿ ಹಿಂದಕ್ಕೆ ಜಾರುವಂತೆ ಬಿಡಬೇಕು. ಕೈತಪ್ಪಿದರೆ ಚಕ್ರಗಳ ಹಲ್ಲು ಹೋಗುತ್ತದೆ. ಬಾಯಿಂದ ಊದುವ ಚಟವಿದ್ದರೆ ಬಿಡಿ, ಎಂಜಲ ಹನಿ ಬಿದ್ದ ಕಡೆ ತುಕ್ಕು ಹಿಡಿಯುತ್ತದೆ. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇ, ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದನ್ನೂ ಒಳಗೆ ಬಿಡಬೇಡಿ. ಇದನ್ನು ಹೇಳಲೇಬೇಕಾಗಿದೆ, ಏಕೆಂದರೆ ತೆಂಗಿನೆಣ್ಣೆಯ ವಾಸನೆ ಬರುವ ಮೆಷಿನನ್ನು ನಾನೇ ಕೈಯಲ್ಲಿ ಹಿಡಿದಿದ್ದೇನೆ.

ಕೈಯಲ್ಲಿ ನಿಲ್ಲುತ್ತದೆ, ಮೇಜಿನ ಮೇಲೆ ಓಡುತ್ತದೆ

ಹೆಚ್ಚು ಜನರ ದೂರು ಇದೇ. ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡೋಣ. ಪೂರ್ತಿ ಕೀ ಕೊಡಿ. ಗಾಜಿನ ಲೋಟದೊಳಗೆ ಮೆತ್ತನೆಯ ಬಟ್ಟೆ ಹಾಕಿ, ಕ್ರೌನ್ ಮೇಲಾಗುವಂತೆ ಗಡಿಯಾರವನ್ನು ನಿಲ್ಲಿಸಿ, ಒಂದು ದಿನ ಬಿಡಿ. ಮರುದಿನ ಅದೇ ಹೊತ್ತಿಗೆ ಕೀ ಕೊಟ್ಟು ಕ್ರೌನ್ ಕೆಳಗೆ ಮಾಡಿ. ಮೂರನೆಯ ದಿನ ಡಯಲ್ ಮೇಲೆ ಮಾಡಿ ಮಲಗಿಸಿ. ಪ್ರತಿದಿನ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಹೋಯಿತೆಂದು ಬರೆದಿಡಿ.

ಮೂರೂ ಭಂಗಿಯಲ್ಲಿ ನಿಲ್ಲದೆ ಓಡಿ ಕೈಗೆ ಕಟ್ಟಿದಾಗ ಮಾತ್ರ ನಿಂತರೆ, ಮೆಷಿನ್ ಬಹುಮಟ್ಟಿಗೆ ನಿರಪರಾಧಿ; ಮುಳ್ಳು, ಗಾಜು, ಡಯಲ್, ಕೇಸು ಇವುಗಳ ಮೇಲೆ ಅನುಮಾನ ಪಡಿ. ಕ್ರೌನ್ ಮೇಲಿದ್ದಾಗ ಓಡಿ, ಕೆಳಗಿದ್ದಾಗ ನಿಂತರೆ ಅಥವಾ ತೀರಾ ನಿಧಾನವಾದರೆ, ಚಕ್ರಗಳ ಅಚ್ಚಿನ ತುದಿಗಳು ಸವೆದಿವೆ ಇಲ್ಲವೇ ಎಣ್ಣೆ ಒಣಗಿದೆ. ಎಲ್ಲ ಭಂಗಿಯಲ್ಲೂ ನಿಂತರೆ ಸರ್ವಿಸ್ ಸರಿಯಾಗಿ ಆಗಿಲ್ಲ. 'ಮೊನ್ನೆ ತಾನೇ ಮಾಡಿಸಿದ್ದೇನೆ' ಎಂಬ ಮಾತಿಗೆ ಗಡಿಯಾರ ಬೆಲೆ ಕೊಡುವುದಿಲ್ಲ.

ಇನ್ನು ಮುಳ್ಳುಗಳ ಕಡೆ ನೋಡಿ. ನಿಂತಾಗ ಅಲ್ಲಾಡಿಸಬೇಡಿ! ಕೈ ತಾನಾಗಿಯೇ ಅಲ್ಲಾಡಿಸಲು ಹೋಗುತ್ತದೆ, ತಡೆದುಕೊಳ್ಳಿ. ಯಾವ ಸಮಯಕ್ಕೆ ನಿಂತಿತೆಂದು ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಾಲ್ಕೈದು ಸಲ ನಿಂತ ಮೇಲೆ ಆ ಸಮಯಗಳೇ ಮಾತಾಡುತ್ತವೆ. 3 ಗಂಟೆ 16 ನಿಮಿಷ, 4 ಗಂಟೆ 22 ನಿಮಿಷ, 7 ಗಂಟೆ 38 ನಿಮಿಷ, ಹೀಗೆ ದೊಡ್ಡ ಮುಳ್ಳು ಚಿಕ್ಕ ಮುಳ್ಳನ್ನು ದಾಟುವ ಹೊತ್ತಿನಲ್ಲೇ ನಿಲ್ಲುತ್ತಿದ್ದರೆ ಅವೆರಡೂ ತಾಕುತ್ತಿವೆ. ಯಾವ ಗಂಟೆಯಾದರೂ ಸರಿ, ನಿಮಿಷದ ಮುಳ್ಳು 45ರ ಬಳಿ ಬಂದಾಗಲೇ ನಿಂತರೆ, ಸೆಕೆಂಡಿನ ಮುಳ್ಳು 9ರ ಬಳಿ ಇರುವ ಗಡಿಯಾರದಲ್ಲಿ, ಅದು ನಿಮಿಷದ ಮುಳ್ಳಿಗೆ ತಾಕುತ್ತಿದೆ. ಹಂಟರ್ ಮೆಷಿನ್ ಆದರೆ ಇದೇ ತೊಂದರೆ 30ರ ಬಳಿ ಕಾಣುತ್ತದೆ.

ನನ್ನ ಮೊದಲ ಪರಿವರ್ತಿತ ಗಡಿಯಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತರ ನಡುವೆ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ನಾನು ಬಸ್ಸಿನಲ್ಲಿರುತ್ತಿದ್ದೆ. ರಸ್ತೆಯ ಗುಂಡಿಗಳನ್ನು ಬೈದೆ, ಬಸ್ಸು ಬಿಟ್ಟು ನಡೆದೆ, ಆದರೂ ನಿಂತಿತು. ಸ್ಪ್ರಿಂಗ್ ಬದಲಿಸಿದೆ, ಆಗಲೂ ನಿಂತಿತು. ಎರಡು ತಿಂಗಳ ನಂತರ ಭೂತಗನ್ನಡಿ ಹಿಡಿದು ಬದಿಯಿಂದ ನೋಡಿದಾಗ ಗೊತ್ತಾಯಿತು: 9ರ ಬಳಿಯ ಸೆಕೆಂಡಿನ ಮುಳ್ಳಿನ ನಡುಗೂಟ ಎತ್ತರವಾಗಿತ್ತು, ಗಂಟೆಯ ಮುಳ್ಳು ಅದರ ಮೇಲೆ ಹಾಯುವಾಗ ಉಜ್ಜುತ್ತಿತ್ತು. ರಾತ್ರಿ ಒಂಬತ್ತಕ್ಕೆ ಏಕೆ ನಿಲ್ಲುತ್ತಿರಲಿಲ್ಲ? ಆಗ ಅದು ಮೇಜಿನ ಮೇಲೆ ಮಲಗಿರುತ್ತಿತ್ತು. ಸೆಕೆಂಡಿನ ಮುಳ್ಳು ತನ್ನ ತೂಕಕ್ಕೆ ಕೂದಲೆಳೆಯಷ್ಟು ಕೆಳಗಿಳಿದು ದಾರಿ ಬಿಡುತ್ತಿತ್ತು. ಮುಳ್ಳನ್ನು ಸ್ವಲ್ಪ ಒತ್ತಿ ಕೂರಿಸಲು ಅರ್ಧ ನಿಮಿಷ ಸಾಕಾಯಿತು.

ಹಾಗಾಗಿ ಗಡಿಯಾರವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು, ಬದಿಯಿಂದ ನೋಡಿ. ಮುಳ್ಳು ಮುಳ್ಳುಗಳ ನಡುವೆ, ಮೇಲಿನ ಮುಳ್ಳು ಮತ್ತು ಗಾಜಿನ ನಡುವೆ ಬೆಳಕು ಕಾಣಬೇಕು. ಜೇಬುಗಡಿಯಾರದ ಮುಳ್ಳುಗಳು ಎತ್ತರಕ್ಕೆ ನಿಲ್ಲುತ್ತವೆ, ಅದರ ಹಳೆಯ ಗಾಜು ಉಬ್ಬಿರುತ್ತಿತ್ತು. ಹೊಸ ಕೇಸಿನ ಗಾಜು ಚಪ್ಪಟೆ. ಗಾಜಿನ ಒಳಮೈಯಲ್ಲಿ ಸಣ್ಣ ವೃತ್ತಾಕಾರದ ಗೀರು ಕಂಡರೆ ಬೇರೆ ಸಾಕ್ಷಿ ಬೇಡ. ಕೇಸ್ ಮಾರಿದವರಿಂದಲೇ ಎತ್ತರದ ಗಾಜು ಕೇಳಿ; ಮುಳ್ಳನ್ನು ಬಗ್ಗಿಸಿ ಸರಿಪಡಿಸುವುದು ತಾತ್ಕಾಲಿಕ.

ನಂತರದ ಅನುಮಾನ ಡಯಲ್. ಮೂಲ ಡಯಲ್‌ಗೆ ಹಿಂಬದಿಯಲ್ಲಿ ತಾಮ್ರದ ಕಾಲುಗಳಿರುತ್ತವೆ, ಅವು ಮೆಷಿನಿನ ರಂಧ್ರದಲ್ಲಿ ಕೂತು ತಿರುಪಿನಿಂದ ಬಿಗಿಯಾಗುತ್ತವೆ. ಹೊಸ ಡಯಲ್‌ಗೆ ಕಾಲು ಹೊಂದದಿದ್ದಾಗ ಕತ್ತರಿಸಿ ಅಂಟುಚುಕ್ಕೆಯಲ್ಲಿ ಅಂಟಿಸುತ್ತಾರೆ. ಬೇಸಿಗೆಯಲ್ಲಿ ಅಂಟು ಮೆತ್ತಗಾಗಿ ಡಯಲ್ ಕಾಲು ಮಿಲಿಮೀಟರ್ ಜಾರಿದರೂ ಸೆಕೆಂಡಿನ ಮುಳ್ಳಿನ ಕೂಟ ರಂಧ್ರದ ಅಂಚಿಗೆ ತಾಗುತ್ತದೆ. ಗುರುತು: ಸೆಕೆಂಡಿನ ಮುಳ್ಳು ರಂಧ್ರದ ನಟ್ಟನಡುವೆ ಇಲ್ಲ. ಇಂಥ ಕಡೆ ಸೂಪರ್ ಗ್ಲೂ ಹಾಕಬೇಡಿ. ಏಕೆಂದು ಮಂಜಿನ ವಿಷಯ ಬಂದಾಗ ಹೇಳುತ್ತೇನೆ. ಎನಾಮಲ್ ಡಯಲ್ ಆದರೆ ಬೆರಳಿನಿಂದ ಒತ್ತಬೇಡಿ, ಅದು ತಾಮ್ರದ ಮೇಲೆ ಕರಗಿಸಿ ಕೂರಿಸಿದ ಗಾಜು, ಸೀಳಿಬಿಡುತ್ತದೆ.

ಮುಳ್ಳು, ಗಾಜು, ಡಯಲ್ ಮೂರೂ ಸರಿಯಿದ್ದರೆ ಗಡಿಯಾರವನ್ನು ಕಿವಿಗಿಟ್ಟು ಹಿಂಬದಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸದ್ದು ಬದಲಾಯಿತೇ, ನಿಂತೇಹೋಯಿತೇ? ಹಾಗಾದರೆ ಹಿಂಬದಿಯ ಗಾಜು, ಅತ್ತಿತ್ತ ತೂಗುತ್ತಾ ಗಡಿಯಾರದ ನಡೆಯನ್ನು ಹಿಡಿತದಲ್ಲಿಡುವ ಬ್ಯಾಲೆನ್ಸ್ ಚಕ್ರದ ಸೇತುವೆಗೋ ವೇಗ ಹೊಂದಿಸುವ ರೆಗ್ಯುಲೇಟರಿಗೋ ತಾಗುತ್ತಿದೆ. ಪಟ್ಟಿಯನ್ನು ಬಿಗಿಯಾಗಿ ಕಟ್ಟಿದಾಗ ನಿಂತು, ಸಡಿಲಿಸಿದಾಗ ಓಡುವುದೂ ಇದರದೇ ಚಿಹ್ನೆ. ಮೆಷಿನನ್ನು ಕೇಸಿನಲ್ಲಿ ಹಿಡಿದಿಡುವ ಉಂಗುರ ಸರಿಯಾದ ಅಳತೆಯದಲ್ಲದಿದ್ದರೆ ಮೆಷಿನ್ ಅಲ್ಲಾಡುತ್ತದೆ. ಕೈ ಬೀಸಿದಾಗ ಒಳಗೆ ಟಕ್ ಎಂಬ ಸದ್ದು ಬರುತ್ತದೆ. ಆ ಅಲ್ಲಾಟವನ್ನು ಕೊನೆಗೆ ತಡೆಯುವುದು ಸ್ಟೆಮ್ ಮಾತ್ರ, ಒಂದು ದಿನ ಅದೂ ಮುರಿಯುತ್ತದೆ. ಕಾಗದ ಮಡಚಿ ತುರುಕುವವರಿದ್ದಾರೆ. ಕಾಗದ ನಾರು ಉದುರಿಸುತ್ತದೆ, ಬೆವರು ಹೀರುತ್ತದೆ. ಅಳತೆ ಕೊಟ್ಟು ಹಿತ್ತಾಳೆಯ ಉಂಗುರ ಮಾಡಿಸುವುದೇ ದಾರಿ. ಲೇತ್ ಇರುವ ಯಾರಾದರೂ ಮಾಡಿಕೊಡುತ್ತಾರೆ.

ಇಷ್ಟೂ ನೋಡಿದ ಮೇಲೂ ಕೈಯಲ್ಲಿ ನಿಂತರೆ ಮೆಷಿನ್ ಬಿಚ್ಚಬೇಕಾದ ಕೆಲಸ. ಅದು ನಿಮ್ಮದಲ್ಲ.

ಕೀ ಕೊಡಲು ಹೋದರೆ ಮುಳ್ಳು ತಿರುಗುತ್ತದೆ

ಅಮೆರಿಕದ ಮೆಷಿನ್ ಆದರೆ ಹೆದರಬೇಡಿ, ಮುರಿದಿರುವುದು ಏನೂ ಇಲ್ಲದಿರಬಹುದು. ಸ್ವಿಸ್ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಸ್ಟೆಮ್ ಮೆಷಿನಿಗೆ ಸೇರಿದ್ದು, ಕೀ ಕೊಡುವ ಸ್ಥಿತಿ ಮತ್ತು ಸಮಯ ಹೊಂದಿಸುವ ಸ್ಥಿತಿ ಎರಡನ್ನೂ ಮೆಷಿನೇ ಹಿಡಿದಿಡುತ್ತದೆ. ಅಮೆರಿಕದ ಬಹಳಷ್ಟು ಮೆಷಿನ್‌ಗಳು ಇದಕ್ಕೆ ತಿರುಗಮುರುಗ. ಸ್ಟೆಮ್ ಕೇಸಿಗೆ ಸೇರಿದ್ದು. ಅದನ್ನು ಹಿಡಿದಿಡುವ ಸ್ಲೀವ್, ಅಂದರೆ ಸೀಳಿದ ಪುಟ್ಟ ಕೊಳವೆ, ಹಳೆಯ ಕೇಸಿನ ಕತ್ತಿನೊಳಗಿತ್ತು. ಮೆಷಿನನ್ನು ಸುಮ್ಮನೆ ಬಿಟ್ಟರೆ ಅದು ಸಮಯ ಹೊಂದಿಸುವ ಸ್ಥಿತಿಯಲ್ಲಿರುತ್ತದೆ. ಸ್ಟೆಮ್ ಒಳಗೆ ಒತ್ತಿ ಹಿಡಿದರೆ ಮಾತ್ರ ಕೀ ಕೊಡುವ ಸ್ಥಿತಿಗೆ ಬರುತ್ತದೆ. ಹೊಸ ಕೇಸಿನಲ್ಲಿ ಆ ಸ್ಲೀವ್ ಇಲ್ಲದಿದ್ದರೆ ಅಥವಾ ಅದರ ಆಳ ಸ್ವಲ್ಪ ಕಡಿಮೆಯಾದರೆ, ಒತ್ತುವವರೇ ಇಲ್ಲ.

ಪರೀಕ್ಷೆ ಸುಲಭ: ಕ್ರೌನನ್ನು ಬೆರಳಿನಿಂದ ಒಳಕ್ಕೆ ಒತ್ತಿ ಹಿಡಿದು ತಿರುಗಿಸಿ. ಈಗ ಕಿರ್ ಕಿರ್ ಎಂದು ಕೀ ಹೋಗುತ್ತಿದ್ದರೆ ರೋಗ ಸಿಕ್ಕಿತು. ಸ್ಲೀವನ್ನು ಅದಕ್ಕಾಗಿಯೇ ಇರುವ ನಕ್ಷತ್ರಾಕಾರದ ಕೀಲಿಯಿಂದ ಅರ್ಧರ್ಧ ಸುತ್ತು ಒಳಕ್ಕೆ ಕಳಿಸಿ ನೋಡಬೇಕು. ಹಾಗೆಯೇ ಬಿಟ್ಟರೆ ಗಡಿಯಾರ ಮುಳ್ಳು ತಿರುಗಿಸುವ ಹಲ್ಲುಗಳನ್ನೂ ಎಳೆದುಕೊಂಡು ಓಡುತ್ತದೆ. ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಆಗ ಇದನ್ನು ಯಾರೂ ಸ್ಟೆಮ್ ದೋಷವೆಂದು ಊಹಿಸುವುದಿಲ್ಲ.

ರೈಲ್ವೆ ಗಡಿಯಾರದಲ್ಲಿ ಇನ್ನೊಂದು ಬಗೆಯಿದೆ. 1891ರಲ್ಲಿ ಓಹಿಯೊದ ಕಿಪ್ಟನ್ ಬಳಿ ಎರಡು ರೈಲುಗಳು ಡಿಕ್ಕಿಯಾದವು, ಚಾಲಕನ ಗಡಿಯಾರ ಕೆಲವು ನಿಮಿಷ ನಿಂತು ಮತ್ತೆ ಓಡಿದ್ದೇ ಕಾರಣವೆಂದು ಹೇಳಲಾಯಿತು. ಆಮೇಲೆ ರೈಲ್ವೆಗಳು ಗಡಿಯಾರದ ನಿಯಮಗಳನ್ನು ಬಿಗಿಗೊಳಿಸುತ್ತ ಹೋದವು. ಕ್ರೌನ್ ಆಕಸ್ಮಿಕವಾಗಿ ಎಳೆದುಬಂದು ಸಮಯ ಬದಲಾಗಬಾರದೆಂದು, ಮುಂಬದಿ ಗಾಜನ್ನು ಬಿಚ್ಚಿ ಡಯಲ್ ಅಂಚಿನ ಪುಟ್ಟ ಸನ್ನೆಯನ್ನು (ಲಿವರ್) ಎಳೆದರೆ ಮಾತ್ರ ಮುಳ್ಳು ತಿರುಗುವ ಏರ್ಪಾಡು ಬೇಕೆಂದರು. ಒಳ್ಳೆಯ ನಿಯಮವೇ, ಕೈಗಡಿಯಾರದಲ್ಲಿ ಮಾತ್ರ ತಲೆನೋವು. ಆ ಸನ್ನೆ ಪೂರ್ತಿ ಒಳಗೆ ಹೋಗದಂತೆ ಹೊಸ ಕೇಸಿನ ಉಂಗುರ ತಡೆದರೆ ಕೀ ಹೋಗುವುದಿಲ್ಲ, ಮುಳ್ಳೇ ತಿರುಗುತ್ತದೆ. ಗಾಜು ಬಿಚ್ಚಿ ಸನ್ನೆಯನ್ನು ಉಗುರಿನಿಂದ ಒಳಕ್ಕೆ ಒತ್ತಿ ನೋಡಿ. ಒಳಗೆ ಕೂತು ಕೀ ಹೋದರೆ, ಉಂಗುರದಲ್ಲಿ ಸಣ್ಣ ಕಚ್ಚು ಅರೆಸಬೇಕು.

ಎಷ್ಟು ಕೀ ಕೊಟ್ಟರೂ ಬಿಗಿಯಾಗುವುದಿಲ್ಲ

ತಿರುಗಿಸುತ್ತಲೇ ಇದ್ದೀರಿ, ತುದಿ ಸಿಗುವುದಿಲ್ಲ, ಟಿಕ್ ಸದ್ದಿಲ್ಲ: ಮುಖ್ಯ ಸ್ಪ್ರಿಂಗ್ ತುಂಡಾಗಿದೆ. ಹಳೆಯ ನೀಲಿ ಉಕ್ಕಿನ ಸ್ಪ್ರಿಂಗ್ ಹೇಳದೆ ಕೇಳದೆ ತುಂಡಾಗುತ್ತದೆ. ಕ್ರೌನ್ ಬಿಟ್ಟ ಕೂಡಲೇ ಹಿಂದಕ್ಕೆ ತಿರುಗುತ್ತಿದ್ದರೆ ಸ್ಪ್ರಿಂಗ್ ಇದೆ, ಕೊಕ್ಕೆ ಹಿಡಿಯುತ್ತಿಲ್ಲ. ಕೀ ಬಿಗಿಯಾಗಿ ತುಂಬಿದೆ, ಆದರೂ ಚಕ್ರಗಳಿಗೆ ಬಲವೇ ತಲುಪುತ್ತಿಲ್ಲ ಎಂದಾದರೆ ಅದು ವಿಚಿತ್ರ ಪ್ರಕರಣ. ಅಮೆರಿಕದ ಕೆಲವು ಮೆಷಿನ್‌ಗಳಲ್ಲಿ ನಡುಚಕ್ರದ ಸಣ್ಣ ಹಲ್ಲುಗಾಲಿಯನ್ನು ತಿರುಪಿನಂತೆ ಕೂರಿಸಿರುತ್ತಾರೆ, ಸ್ಪ್ರಿಂಗ್ ತುಂಡಾದ ಹೊಡೆತಕ್ಕೆ ಅದು ತಾನೇ ಸಡಿಲವಾಗಿ ಉಳಿದ ಹಲ್ಲುಗಳನ್ನು ಕಾಪಾಡಲಿ ಎಂದು. ಹೊಸ ಸ್ಪ್ರಿಂಗ್ ಹಾಕಿದವರು ಅದನ್ನು ಬಿಗಿ ಮಾಡುವುದನ್ನು ಮರೆತಿರುತ್ತಾರೆ. ಈ ಮೂರೂ ರಿಪೇರಿಯವರ ಕೆಲಸ. ಸ್ಪ್ರಿಂಗ್ ಡಬ್ಬಿಯನ್ನು ಮನೆಯಲ್ಲಿ ತೆರೆದರೆ ಒಂದೂವರೆ ಅಡಿಗೂ ಉದ್ದದ ಉಕ್ಕಿನ ಪಟ್ಟಿ ಮುಖಕ್ಕೆ ಹಾರುತ್ತದೆ.

ಓಡುತ್ತದೆ, ಸಮಯ ಸರಿಯಿಲ್ಲ

ಎಷ್ಟು ತಪ್ಪುತ್ತದೆ ಎಂಬುದೇ ಮೊದಲ ಸುಳಿವು. ಗಂಟೆಗೆ ಹಲವು ನಿಮಿಷ ಮುಂದೆ ಓಡಿದರೆ, ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಸ್ಪ್ರಿಂಗಿನ, ಅಂದರೆ ಹೇರ್‌ಸ್ಪ್ರಿಂಗಿನ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಸುರುಳಿ ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ಚಕ್ರ ಅವಸರದಲ್ಲಿ ಓಡುತ್ತದೆ. ಕಾರಣ ಮೂರರಲ್ಲೊಂದು: ಕಾಂತತೆ, ಎಣ್ಣೆ, ಅಥವಾ ಪೆಟ್ಟು ಬಿದ್ದು ಒಂದು ಸುರುಳಿ ರೆಗ್ಯುಲೇಟರ್ ಪಿನ್ನಿನಲ್ಲಿ ಸಿಕ್ಕಿಕೊಂಡಿರುವುದು.

ಕಾಂತತೆ ಜೇಬುಗಡಿಯಾರದ ಕಾಲದಲ್ಲಿ ಅಪರೂಪದ ಕಾಯಿಲೆ. ಈಗ ಮೊಬೈಲಿನ ಸ್ಪೀಕರ್, ಲ್ಯಾಪ್‌ಟಾಪ್ ಮುಚ್ಚಳ, ಕೈಚೀಲದ ಬಿರಡೆ ಎಲ್ಲದರಲ್ಲೂ ಅಯಸ್ಕಾಂತವಿದೆ, ಹಳೆಯ ಉಕ್ಕಿನ ಹೇರ್‌ಸ್ಪ್ರಿಂಗ್ ಅದನ್ನು ಒಮ್ಮೆಲೇ ಹೀರಿಕೊಳ್ಳುತ್ತದೆ. ಸ್ಟೇಷನರಿ ಅಂಗಡಿಯ ಪುಟ್ಟ ದಿಕ್ಸೂಚಿಯನ್ನು ಓಡುತ್ತಿರುವ ಗಡಿಯಾರದ ಹಿಂಬದಿಯಲ್ಲಿ ಬ್ಯಾಲೆನ್ಸ್ ಚಕ್ರದ ಮೇಲಿಡಿ. ಮುಳ್ಳು ಒಂದು ಕಡೆಗೆ ವಾಲಿದರೆ ಅದು ಸಾಕ್ಷಿಯಲ್ಲ, ಉಕ್ಕು ಕಂಡರೆ ದಿಕ್ಸೂಚಿ ವಾಲುವುದೇ. ಟಿಕ್ ಟಿಕ್‌ಗೆ ಸರಿಯಾಗಿ ನಡುಗಿದರೆ ಮಾತ್ರ ಕಾಂತತೆ. ಅದನ್ನು ಕಳೆಯುವ ಸಣ್ಣ ಯಂತ್ರ ಅಗ್ಗಕ್ಕೆ ಸಿಗುತ್ತದೆ: ಗಡಿಯಾರವನ್ನು ಅದರ ಮೇಲಿಟ್ಟು, ಗುಂಡಿ ಒತ್ತಿ, ಒತ್ತಿಕೊಂಡೇ ಗಡಿಯಾರವನ್ನು ತೋಳಿನಷ್ಟು ದೂರಕ್ಕೆ ನಿಧಾನವಾಗಿ ಎತ್ತಿ, ಆಮೇಲೆ ಗುಂಡಿ ಬಿಡಿ. ಮೊದಲೇ ಬಿಟ್ಟರೆ ಇದ್ದದ್ದಕ್ಕಿಂತ ಹೆಚ್ಚು ಕಾಂತತೆ ಉಳಿಯಬಹುದು.

ಇದರಿಂದ ಸರಿಹೋಗದಿದ್ದರೆ ಎಣ್ಣೆ ಅಥವಾ ಸಿಕ್ಕಿಕೊಂಡ ಸುರುಳಿ. ಭೂತಗನ್ನಡಿಯಲ್ಲಿ ನೋಡಬಹುದು, ಸೂಜಿ ಹಾಕಬಾರದು. ಹೇರ್‌ಸ್ಪ್ರಿಂಗನ್ನು ಒಮ್ಮೆ ಬಗ್ಗಿಸಿದರೆ ಅದನ್ನು ಮೊದಲಿನಂತೆ ಮಾಡುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಪೂರ್ತಿ ಕೀ ಕೊಟ್ಟ ಮೊದಲ ಕೆಲವು ಗಂಟೆ ಮಾತ್ರ ಮುಂದೋಡುತ್ತಾ, ಕಿವಿಗಿಟ್ಟರೆ ಕುದುರೆ ಓಡಿದಂಥ ಸದ್ದು ಬಂದರೆ ಅದು ಬೇರೆಯದೇ: ಯಾರೋ ಅಳತೆಗಿಂತ ಬಲವಾದ ಮುಖ್ಯ ಸ್ಪ್ರಿಂಗ್ ಹಾಕಿದ್ದಾರೆ, ಚಕ್ರ ಮಿತಿಮೀರಿ ತಿರುಗಿ ಹಿಂದಿನಿಂದ ಗುದ್ದುತ್ತಿದೆ.

ದಿನಕ್ಕೆ ಒಂದೆರಡು ನಿಮಿಷದೊಳಗಿನ ತಪ್ಪು ಎಲ್ಲ ಭಂಗಿಯಲ್ಲೂ ಒಂದೇ ಥರ ಇದ್ದರೆ ರೆಗ್ಯುಲೇಟರ್ ಸರಿಸಿದರೆ ಸಾಕು. ಅದರ ಮೇಲೆ ಎಫ್ ಮತ್ತು ಎಸ್, ಅಥವಾ ಫ್ರೆಂಚ್‌ನಲ್ಲಿ ಎ ಮತ್ತು ಆರ್ ಎಂದಿರುತ್ತದೆ. ಎಫ್ ಮತ್ತು ಎ ಕಡೆಗೆ ಸರಿಸಿದರೆ ವೇಗ ಹೆಚ್ಚು. ಕೂದಲಗಲ ಸರಿಸಿ ಒಂದು ದಿನ ಕಾಯಿರಿ. ಭಂಗಿಯಿಂದ ಭಂಗಿಗೆ ವ್ಯತ್ಯಾಸ ದೊಡ್ಡದಿದ್ದರೆ ರೆಗ್ಯುಲೇಟರ್ ಮುಟ್ಟಬೇಡಿ. ಲೋಟದ ಪರೀಕ್ಷೆಯಲ್ಲಿ ಕ್ರೌನ್ ಕೆಳಗಿದ್ದಾಗ ದಿನಕ್ಕೆ ಅರ್ಧ ನಿಮಿಷ ಬೇರೆ ಬಂದರೆ ನಾನು ಒಪ್ಪಿಕೊಳ್ಳುತ್ತೇನೆ, ಆ ಭಂಗಿಗೆ ಯಾರೂ ಅದನ್ನು ಹೊಂದಿಸಿಯೇ ಇರಲಿಲ್ಲ. ಎರಡು ನಿಮಿಷಕ್ಕಿಂತ ಹೆಚ್ಚು ಬಂದರೆ ಬ್ಯಾಲೆನ್ಸ್ ಚಕ್ರದ ತೂಕ ಅಥವಾ ತುದಿ ನೋಡಿಸಬೇಕು.

ಟಿಕ್ ಸದ್ದು ಕೇಳಿ ಗಡಿಯಾರದ ನಡೆ ಅಳೆಯುವ ಟೈಮ್‌ಗ್ರಾಫರ್ ಯಂತ್ರ ಕೊಂಡವರಿಗೆ ಒಂದು ಮಾತು. ಅದರಲ್ಲಿ ಲಿಫ್ಟ್ ಆ್ಯಂಗಲ್, ಅಂದರೆ ಪ್ರತಿ ಟಿಕ್‌ನಲ್ಲಿ ತಳ್ಳು ಸಿಗುವಾಗ ಬ್ಯಾಲೆನ್ಸ್ ಚಕ್ರ ತಿರುಗುವ ಕೋನ, ಸಾಮಾನ್ಯವಾಗಿ 52 ಡಿಗ್ರಿಗೆ ಹೊಂದಿಸಿರುತ್ತದೆ. ಯೂನಿಟಾಸ್ 6497ಕ್ಕೆ ಅದು 44. ಬದಲಿಸದೆ ಅಳೆದರೆ ನಿಜವಾಗಿ 220 ಡಿಗ್ರಿ ತೂಗುತ್ತಿರುವ ಚಕ್ರ ಪರದೆಯ ಮೇಲೆ 260 ತೋರಿಸುತ್ತದೆ, ಸುಸ್ತಾದ ಗಡಿಯಾರ ಆರೋಗ್ಯವಂತನಂತೆ ಕಾಣುತ್ತದೆ. ಸರ್ವಿಸ್ ಆದ ಗಡಿಯಾರ ಪೂರ್ತಿ ಕೀಯಲ್ಲಿ ಡಯಲ್ ಮೇಲಾಗಿ ಮಲಗಿದಾಗ 270ರ ಆಸುಪಾಸು ತೋರಿಸಬೇಕು. ನಿಜವಾದ ಅಳತೆ 200ಕ್ಕಿಂತ ಕೆಳಗಿದ್ದರೆ ರಿಪೇರಿಯವರ ಬಳಿಗೇ ದಾರಿ.

ಟಿಕ್ ಟಿಕ್ ಇದೆ, ಮುಳ್ಳು ನಿಂತಿದೆ

ಸೆಕೆಂಡಿನ ಮುಳ್ಳು ತಿರುಗುತ್ತದೆ, ಉಳಿದವೆರಡು ಹಿಂದುಳಿಯುತ್ತವೆ. ನಿಮಿಷದ ಮುಳ್ಳನ್ನು ಹೊತ್ತ ಕ್ಯಾನನ್ ಪಿನಿಯನ್ ಸಡಿಲವಾಗಿದೆ. ಕ್ರೌನ್ ಎಳೆದು ಮುಳ್ಳು ತಿರುಗಿಸುವಾಗ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಹಗುರವೆನಿಸಿದರೆ ಇದು ಖಚಿತ. ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ.

ಬಿದ್ದಿತು, ಅಥವಾ ಬಾಗಿಲಿಗೆ ತಾಗಿತು

ಕೈಗಡಿಯಾರ ಬಾಗಿಲ ಚೌಕಟ್ಟಿಗೆ ತಾಗುವುದು ದಿನದ ಮಾತು. ನಮ್ಮ ಎಚ್‌ಎಂಟಿ ಜನತಾ ಡಯಲ್ ಮೇಲೆ 'ಪ್ಯಾರಾಶಾಕ್' ಎಂದು ಬರೆದಿರುವುದನ್ನು ನೋಡಿರುತ್ತೀರಿ. ಪೆಟ್ಟು ಬಿದ್ದಾಗ ಬ್ಯಾಲೆನ್ಸ್ ಚಕ್ರದ ಅಚ್ಚಿನ ತುದಿ ಕೂರುವ ಕಲ್ಲು ಸ್ಪ್ರಿಂಗಿನ ಮೇಲೆ ಸ್ವಲ್ಪ ಜಾರಿ ತುದಿಯನ್ನು ಕಾಪಾಡುತ್ತದೆ. ಇಂಥ ರಕ್ಷಣೆ ವ್ಯಾಪಕವಾಗಿ ಬಂದದ್ದು 1930ರ ದಶಕದ ಇಂಕಾಬ್ಲಾಕ್ ಎಂಬ ಸ್ವಿಸ್ ಏರ್ಪಾಡಿನ ನಂತರ. ನೂರು ವರ್ಷದ ಜೇಬುಗಡಿಯಾರದಲ್ಲಿ ಆ ತುದಿ ಸುಮಾರು 0.1 ಮಿಲಿಮೀಟರ್ ದಪ್ಪದ ಗಟ್ಟಿ ಉಕ್ಕು, ಮೇಲೆ ದೊಡ್ಡ ಚಕ್ರದ ಭಾರ, ಕಾಪಾಡುವವರು ಯಾರೂ ಇಲ್ಲ.

ಹಿಂಬದಿಯ ಗಾಜಿನಿಂದ ನೋಡಿ. ಚಕ್ರ ಓರೆಯಾಗಿ ತೂಗುತ್ತಿದೆಯೇ? ಡಯಲ್ ಮೇಲಿದ್ದಾಗ ಓಡಿ, ಮಗುಚಿದಾಗ ನಿಲ್ಲುತ್ತದೆಯೇ? ಒಂದು ತುದಿ ಮುರಿದಿದೆ. ಅಲ್ಲಾಡಿಸಿ ಓಡಿಸುತ್ತಾ ಕೂತರೆ ಮುರಿದ ತುದಿ ಕಲ್ಲಿನ ರಂಧ್ರವನ್ನೂ ಕೆಡಿಸುತ್ತದೆ, ಖರ್ಚು ಇಮ್ಮಡಿಯಾಗುತ್ತದೆ. ಕೀ ಇಳಿಸಿ, ಡಬ್ಬಿಯಲ್ಲಿಟ್ಟು, ಒಯ್ಯಿರಿ. ಬಸ್ಸು, ಬೈಕು, ಕ್ರಿಕೆಟ್ಟು, ಸುತ್ತಿಗೆ ಹಿಡಿಯುವ ಕೆಲಸ ಇವಕ್ಕೆ ಈ ಗಡಿಯಾರ ಕಟ್ಟಬೇಡಿ.

ಗಾಜಿನೊಳಗೆ ಮಂಜು

ಬಿಸಿ-ತಂಪು ಬದಲಾದಾಗ ಕಂಡು, ಆಮೇಲೆ ಮಾಯವಾಗುವ, ಜಾಗ ಬದಲಿಸುವ ಮಂಜು ಎಂದರೆ ನೀರಿನಾವಿ. ಜಾಗ ಬಿಟ್ಟು ಕದಲದ ಬಿಳಿ ಪೊರೆ ನೀರಲ್ಲ, ಸೂಪರ್ ಗ್ಲೂ ಆವಿ; ಅದು ಗಾಜಿನ ಮೇಲಷ್ಟೇ ಅಲ್ಲ, ಮೆಷಿನ್ ಮೇಲೂ ಕೂತಿರುತ್ತದೆ, ಪೂರ್ತಿ ತೊಳೆಸಬೇಕು. ನೀರಿನಾವಿ ಕಂಡ ದಿನವೇ ಹಿಂಬದಿ ತೆರೆಸಿ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಅಕ್ಕಿಯ ಪುಡಿ ಒಳಸೇರುವುದಷ್ಟೇ ಲಾಭ. ನೀಲಿ ಉಕ್ಕಿನ ಹೇರ್‌ಸ್ಪ್ರಿಂಗ್ ಮೇಲೆ ತುಕ್ಕಿನ ಒಂದು ಚುಕ್ಕೆ ಬಿದ್ದರೂ ಗಡಿಯಾರ ಮತ್ತೆ ಮೊದಲಿನ ನಿಖರತೆಗೆ ಬರುವುದಿಲ್ಲ. ಕೇಸ್ ಮಾರುವವರು ನೀರುನಿರೋಧಕ ಎಂದು ಏನೇ ಬರೆದಿರಲಿ, ಮಳೆಗಾಲದಲ್ಲಿ ನಾನು ಈ ಗಡಿಯಾರವನ್ನು ಮನೆಯಲ್ಲೇ ಬಿಡುತ್ತೇನೆ.

ರಿಪೇರಿಯವರ ಬಳಿ ಹೋಗುವಾಗ

ಬ್ಯಾಟರಿ ಬದಲಿಸುವ ಕೌಂಟರಿಗೆ ಇದನ್ನು ಕೊಡಬೇಡಿ. ಎಚ್‌ಎಂಟಿಯಂಥ ಕೈಕೀಯ ವಾಚುಗಳನ್ನು ಬಿಚ್ಚಿ ಪಳಗಿದ ಹಿರಿಯರನ್ನು ಹುಡುಕಿ. ಕೇಳಬೇಕಾದ ಪ್ರಶ್ನೆ ಒಂದೇ: ಬ್ಯಾಲೆನ್ಸ್ ಸ್ಟಾಫ್ (ಬ್ಯಾಲೆನ್ಸ್ ಚಕ್ರದ ಅಚ್ಚು) ಸಿಗದಿದ್ದರೆ ಲೇತ್‌ನಲ್ಲಿ ಮಾಡಿಕೊಡುತ್ತೀರಾ? 'ಮಾಡುತ್ತೇನೆ' ಎಂದರೆ ಧೈರ್ಯವಾಗಿ ಕೊಡಿ. 'ಬೇರೆ ಮೆಷಿನಿನಿಂದ ತೆಗೆದು ಹಾಕುತ್ತೇನೆ' ಎಂದರೆ ಯೋಚಿಸಿ.

ಲೋಟದ ಪರೀಕ್ಷೆಯ ಚೀಟಿ, ನಿಂತ ಸಮಯಗಳ ಫೋಟೊ ಎರಡನ್ನೂ ಜೊತೆಗೆ ಕೊಡಿ. ಹಳೆಯ ಕೇಸ್, ಡಯಲ್, ಮುಳ್ಳುಗಳನ್ನು ಮಾರಿರದಿದ್ದರೆ ಅವನ್ನೂ ಒಯ್ಯಿರಿ. ಅವರು ಮೆಷಿನನ್ನು ಹಳೆಯ ಕೇಸಿನಲ್ಲಿ ಕೂರಿಸಿ ಒಂದು ವಾರ ಗೋಡೆಯ ಮೊಳೆಗೆ ತೂಗುಹಾಕಲಿ. ಅಲ್ಲಿ ಸರಿಯಾಗಿ ಓಡಿದರೆ ಅವರಿಗೆ ಸರ್ವಿಸ್ ಹಣ ಕೊಟ್ಟು, ಹೊಸ ಕೇಸಿನ ಅಳತೆ ತೆಗೆಯಲು ಕೂರಿ.